ಹತ್ತು ಮೀಟರ್ ಮ್ಯಾಚಿಗೆ ಸ್ಪ್ರಿಂಗ್ ರೈಫಲ್ ತಗೊಂಡ್ರ ಹುಚ್ಚ ಅಂತಾರೇನ್ರಿ?

ಗದಗದ ಗಾಳಿ:
ಎಲ್ಲಾರಿಗೂ ನಮಸ್ಕಾರ್ರೀ. ನಂದು ಗದಗ-ಬೆಟಗೇರಿ. ರಜಾ ಸಿಕ್ಕಾಗ ಹುಬ್ಬಳ್ಳಿಗೆ ಬಂದು ಕ್ಲಬ್ಬಿನಾಗ ಹತ್ತು ಮೀಟರ್ ಏರ್ ರೈಫಲ್ ಹೊಡಿತೀನಿ, ಕ್ಲಬ್ಬಿನ ಪಿಸಿಪಿನ (ಸಿಲಿಂಡರಿನಾಗ ಮೊದಲ ಗಾಳಿ ಒತ್ತಿ ತುಂಬಿಟ್ಟ ರೈಫಲ್). ಈಗ ಸ್ವಂತದ್ದು ಒಂದು ತಗೋಬೇಕಂತ ಮಾಡೇನಿ. ಯಾರನ್ ಕೇಳಿದ್ರೂ ಪಿಸಿಪಿ ತಗೋ ಅಂತಾರ, ಸ್ಪ್ರಿಂಗ್ ಅಂತ ಬಾಯಿ ತಗದ್ರ ಸಾಕು, ಯಾವ ಜಾತ್ರಿಯೊಳಗ ಬಲೂನ್ ಹೊಡಿಯಾಕ ಹೊಂಟಿ ಅಂತ ನಗ್ತಾರ. ಆದ್ರ ಪಿಸಿಪಿ ತಗೊಂಡ್ರ ಗಾಳಿ ಎಲ್ಲಿ ತುಂಬಸ್ಲಿ, ನಮ್ಮೂರಾಗ ಆ ವ್ಯವಸ್ಥಾ ನನಗಂತೂ ಕಂಡಿಲ್ಲ, ಗಾಳಿ ಮುಗದ್ ಕೂಡ್ಲೆ ಸಿಲಿಂಡರ್ ಚೀಲದಾಗ ಹಾಕ್ಕೊಂಡು ಹುಬ್ಬಳ್ಳಿ ಬಸ್ ಹತ್ತೋದು ಯಾರ ಕೆಲಸ. ಸ್ಪ್ರಿಂಗಿಂದಾದ್ರ ಲಿವರ್ ಎಳಿ, ಪೆಲ್ಲೆಟ್ ಹಾಕು, ಹೊಡಿ, ಮುಗೀತು. ರೊಕ್ಕದ್ದೂ ಐತಿ ಅನ್ರಿ, ಸುಳ್ಯಾಕ ಹೇಳ್ಲಿ. ಬರೇ ಟೈಮ್‌ಪಾಸಿಗಲ್ಲ, ಮ್ಯಾಚಿಗೆ ನಿಲ್ಲೂದಕ್ಕ ಸ್ಪ್ರಿಂಗ್ ನಡೀತೈತೇನು? ಹಿಂದ ಜರ್ಮನಿ ಮಂದಿ ಇದರಾಗ ಹೊಡದು ಗೆಲ್ತಿದ್ರಂತ, ಹಂಗಾದ್ರ ಈಗ್ಯಾಕ ಆಗೂದಿಲ್ಲ? ತಿಳದವ್ರು ಸ್ವಲ್ಪ ಬಿಡಿಸಿ ಹೇಳ್ರಿ.

ಸಪ್ತಾಪುರ 10.9:
ಅಣ್ಣಾರ, ಶೂಟಿಂಗಿನ ಅಂತರರಾಷ್ಟ್ರೀಯ ಸಂಸ್ಥೆ ಐಎಸ್‌ಎಸ್‌ಎಫ್ ರೂಲಿನಾಗ ಸ್ಪ್ರಿಂಗ್ ಬ್ಯಾಡ ಅಂತ ಎಲ್ಲೂ ಇಲ್ಲ. ಕ್ಯಾಲಿಬರ್ 4.5 ಎಂಎಂ ಇರ್ಬೇಕು, ತೂಕ 5.5 ಕೆಜಿ ದಾಟಬಾರ್ದು, ಸ್ಕೋಪ್ ಹಾಕೂಹಂಗಿಲ್ಲ, ಗಾಳಿ ಸ್ಪ್ರಿಂಗ್ ಒತ್ತಿದ್ದೋ ಸಿಲಿಂಡರಿನಾಗ ತುಂಬಿದ್ದೋ ಅವ್ರು ಕೇಳೂದಿಲ್ಲ. ನಿಮ್ಮನ್ನ ತಡಿಯೋದು ಸ್ಕೋರು.

ಲೆಕ್ಕ ಹಾಕ್ರಿ. ಟಾರ್ಗೆಟ್ ಕಾರ್ಡಿನ ನಡುವಿನ ಹತ್ತರ ಚುಕ್ಕಿ ಬರೇ 0.5 ಎಂಎಂ, ಪೆಲ್ಲೆಟ್ 4.5 ಎಂಎಂ, ಅಂಚು ಮುಟ್ಟಿದ್ರೂ 10.0 ಕೊಡ್ತಾರ, ಅಂದ್ರ ನಡುವಿನಿಂದ 2.5 ಎಂಎಂ ತನಕ ನಿಮಗ ಮಾಫಿ. ಆದ್ರ ಈಗ ದಶಾಂಶದಾಗ ಎಣಸ್ತಾರಲ್ರಿ, ಒಂದೊಂದು 0.1ಕ್ಕೂ ಕಾಲು ಮಿಲಿಮೀಟರ್ ನಡುವಿನ ಕಡೆ ಸರೀಬೇಕು. ಪ್ಯಾರಿಸ್ 2024ರಾಗ ನಮ್ಮ ಅರ್ಜುನ್ ಬಬುತಾ ಕ್ವಾಲಿಫಿಕೇಷನ್ನಿನಾಗ 630.1 ಹೊಡದ್ರು, 60 ಗುಂಡಿಗೆ ಸರಾಸರಿ 10.5. ಅಂದ್ರ ಹೆಚ್ಚೂಕಮ್ಮಿ ಎಲ್ಲಾ ಗುಂಡೂ ನಡುವಿನಿಂದ ಒಂದೂಕಾಲು ಮಿಲಿಮೀಟರ್ ಆಸುಪಾಸಿನಾಗ ಬೀಳಬೇಕು. ಇಲ್ಲೇ ಸಿಗೋ ಬ್ರೇಕ್ ಬ್ಯಾರಲ್ (ಬ್ಯಾರಲ್ ಬಾಗ್ಸಿ ಸ್ಪ್ರಿಂಗ್ ಒತ್ತೋ) ಸ್ಪ್ರಿಂಗ್ ರೈಫಲ್, ಹಿಡಿತ ಸರಿ ಇದ್ರ ಹತ್ತು ಮೀಟರಿಗೆ ಒಂದು ರೂಪಾಯಿ ನಾಣ್ಯದೊಳಗ ಬೀಳ್ತೈತಿ, ಭಾಳ ಛೊಲೋ ದಿನ ಇದ್ರ ಅದಕ್ಕಿಂತ ಸಣ್ಣದು. ಆಟಕ್ಕ ಅದು ಮಸ್ತ್. ಈ ಸ್ಕೋರಿಗೆ ಸಾಲೂದಿಲ್ಲ.

ಯಾಕ ಸಾಲೂದಿಲ್ಲ ಅಂದ್ರ, ಟ್ರಿಗರ್ ಬಿಟ್ಟ ಕೂಡ್ಲೆ ದಪ್ಪ ಪಿಸ್ಟನ್ ಮುಂದ ಹಾರ್ತೈತಿ, ರೈಫಲ್ ಹಿಂದ ಒದೀತೈತಿ, ಪಿಸ್ಟನ್ ಗಾಳಿ ಒತ್ತಿ ನಿಂತಾಗ ಮತ್ತ ಮುಂದಕ್ಕ ಜಗ್ಗತೈತಿ, ಈ ಗದ್ದಲ ಶುರು ಆದಾಗ ಪೆಲ್ಲೆಟ್ ಇನ್ನೂ ಬ್ಯಾರಲ್ಲಿನಾಗ ಇರ್ತೈತಿ. ನೀವು ಮುಂಗೈ ಎಲ್ಲಿಟ್ರಿ, ಭುಜಕ್ಕ ಎಷ್ಟು ಒತ್ತಿದ್ರಿ, ಎಲ್ಲಾ ಕಾರ್ಡಿನ ಮ್ಯಾಲ ಕಾಣ್ತೈತಿ. ಪಿಸಿಪಿಯೊಳಗ ವಾಲ್ವ್ ತಟಕ್ ಅಂತ ತಗದು ಮುಚ್ಚತೈತಿ, ರೈಫಲ್ ಅಲ್ಲಾಡೋದ್ರಾಗ ಪೆಲ್ಲೆಟ್ ಹೋಗಿರ್ತೈತಿ.

ಹಾವೇರಿ ಹಳೇ ಕೊಳವಿ:
ಸಪ್ತಾಪುರದವ್ರು ಹೇಳಿದ್ದು ಜಾತ್ರಿ ನಮೂನಿ ರೈಫಲ್ಲಿಗೆ ಖರೇ. ಆದ್ರ ಗದಗದವ್ರು ಕೇಳಿದ್ದು ಜರ್ಮನಿಯವ್ರದು, ಅದು ಬ್ಯಾರೇನ ಜಾತಿ. ನನ್ಹತ್ರ ಫೈನ್‌ವರ್ಕ್‌ಬಾವ್ 300ಎಸ್ ಐತ್ರಿ, ನಮ್ಮ ದೊಡ್ಡಪ್ಪಾರ ಗೆಳೆಯರದು, ಅವ್ರ ಮಕ್ಕಳಿಗೆ ಬ್ಯಾಡಾಗಿ ನನ್ನ ಕಡೆ ಬಂತು. ಸೈಡಿನಾಗ ಲಿವರ್, ಬ್ಯಾರಲ್ ಗಟ್ಟಿ ಕುಂತಿರ್ತೈತಿ, ಬಾಗೂದಿಲ್ಲ. ಅದರ ಜಾಣತನ ಎಲ್ಲೈತಿ ಅಂದ್ರ, ಬ್ಯಾರಲ್ಲು ಪಿಸ್ಟನ್ನು ಎಲ್ಲಾ ಕೂಡಿ ಕಟ್ಟಿಗಿ ಸ್ಟಾಕಿನ ಮ್ಯಾಲ ಹಳಿ ಮ್ಯಾಲ ಕುಂತಿರ್ತೈತಿ, ಟ್ರಿಗರ್ ಬಿಟ್ಟಾಗ ಕೊಂಡಿ ಕಳಚಿ ಅಷ್ಟೂ ಭಾಗ ಹಿಂದಕ್ಕ ಸರೀತೈತಿ. ಸ್ಟಾಕ್ ನಿಮ್ಮ ಭುಜದಾಗ ಇದ್ದಲ್ಲೇ ಇರ್ತೈತಿ, ಒದತ ಗೊತ್ತಾಗೂದಿಲ್ಲ. ಹೊಡಿಯೋವಾಗ ಕಣ್ಣ ಮುಂದ ಹಿಂಬದಿ ಸೈಟ್ ಒಂಚೂರು ನಿಮ್ಮ ಕಡೆ ಬರೋದು ಕಾಣ್ತೈತಿ, ಮೊದಮೊದಲು ಮೈ ಝುಂ ಅಂತೈತಿ, ಆಮ್ಯಾಲ ರೂಢಿ. ಡಯಾನಾ 75ರಾಗ ಇನ್ನೊಂದು ನಮೂನಿ, ಎರಡು ಪಿಸ್ಟನ್ ಒಂದಕ್ಕೊಂದು ಉಲ್ಟಾ ಓಡ್ತಾವು, ಒಂದರ ಒದತ ಇನ್ನೊಂದು ತಿಂತೈತಿ.

1970ರ ದಶಕದಾಗ ಮ್ಯಾಚ್ ಅಂದ್ರ ಇವ. ಆಮ್ಯಾಲ 80ರ ದಶಕದಾಗ ಒಂದ ಲಿವರ್ ಎಳದ್ರ ಗಾಳಿ ತುಂಬ್ಕೊಂಡು ಕಾಯೋ ನ್ಯೂಮ್ಯಾಟಿಕ್ ಮುಂದ ಆದ್ವು, ಅದರ ಹಿಂದ ಸಿಒ2, ಕಡೀಕ ಪಿಸಿಪಿ. ನನ್ನ 300ಎಸ್ ಇವತ್ತಿಗೂ ಸ್ಟ್ಯಾಂಡಿನ ಮ್ಯಾಲ ಇಟ್ಟು ಹೊಡದ್ರ ತೂತಿನ ಮ್ಯಾಲ ತೂತು. ಅದಕ್ಕ ಸ್ಪ್ರಿಂಗ್ ಆಗೂದ ಇಲ್ಲ ಅಂತ ಅಡ್ಡಾ ಹೇಳಬ್ಯಾಡ್ರಿ.

ಸಪ್ತಾಪುರ 10.9:
ಕಾಕಾ, 300ಎಸ್ ಬಗ್ಗೆ ಎರಡು ಮಾತಿಲ್ರಿ. ಆದ್ರ ಸ್ಟ್ಯಾಂಡ್ ಬ್ಯಾರೆ, ನಿಂತು 60 ಗುಂಡು ಹೊಡಿಯೋದು ಬ್ಯಾರೆ. 75 ನಿಮಿಷದಾಗ 60 ಗುಂಡು, ಅದಕ್ಕಿಂತ ಮೊದಲು 15 ನಿಮಿಷ ಸೈಟಿಂಗ್, ಅಂದ್ರ ಲೆಕ್ಕಕ್ಕಿಲ್ಲದ ಗುಂಡು ಹೊಡದು ಸೈಟ್ ಸರಿಮಾಡ್ಕೊಳೋದು. ಪ್ರತಿ ಗುಂಡಿಗೂ ಆ ಸೈಡ್ ಲಿವರ್ ಪೂರಾ ಎಳೀಬೇಕು, ಅಂದ್ರ ರೈಫಲ್ ಇಳಿಸಬೇಕು, ಸೊಂಟ ತಿರುಗ್ತೈತಿ, ಕಾಲು ಸರೀತೈತಿ, ನಲವತ್ತನೇ ಗುಂಡಿಗೆ ಬರೋದ್ರಾಗ ಬಲಭುಜ ಉರಿಯಾಕ ಹತ್ತಿರ್ತೈತಿ. ಪಿಸಿಪಿಯವ ಬೆರಳಿನಾಗ ಸಣ್ಣ ಲಿವರ್ ಎತ್ತಿ ಪೆಲ್ಲೆಟ್ ಜಾರಿಸಿ ಮುಚ್ಚತಾನ, ಪಾದ ಇದ್ದಲ್ಲೇ ಇರ್ತಾವು. ಒದತ ಇಲ್ಲ ಅನ್ನೋದೊಂದ ದೊಡ್ಡದಲ್ಲ, ನಿಂತ ಪೊಸಿಷನ್ ಕೆಡೂದಿಲ್ಲ ಅನ್ನೋದು ಅದಕ್ಕಿಂತ ದೊಡ್ಡದು. ಎಲ್ಲಾರೂ ಪಿಸಿಪಿಗೆ ಹೋಗಿದ್ದರಾಗ ಇದರ ಪಾಲು ಭಾಳ ಐತಿ ಅಂತ ನನ್ನ ಅಭಿಪ್ರಾಯ.

ಟೋಲ್ ನಾಕಾ ಹುಡುಗ:
ಅಣ್ಣಾ ಗಾಳಿದ ತ್ರಾಸ ಆದ್ರ ಪಂಕ್ಚರ್ ಅಂಗಡ್ಯಾಗ ತುಂಬಸ್ರಲಾ 😀 ಇಲ್ಲಾ ವೆಲ್ಡಿಂಗ್‌ದವ್ರ ಹತ್ರ ಆಕ್ಸಿಜನ್ ಸಿಲಿಂಡರ್ ಇರ್ತಾವು ಅದರಿಂದ ಒಂದ್ ಪೈಪ್ ಎಳಕೊಂಡ್ರ ಆತು

ಕೆಲಗೇರಿ ಕೆರಿದಂಡಿ:
ತಮ್ಮಾ, ಆಕ್ಸಿಜನ್ ಮಾತು ಚೇಷ್ಟಾಕ್ಕೂ ಹೇಳಬ್ಯಾಡ, ಯಾರರ ಓದಿ ಖರೇನ ಮಾಡಿಬಿಟ್ಟಾರು. ಪಿಸಿಪಿಯ ಸೀಲಿನಾಗ ಗ್ರೀಸ್, ಎಣ್ಣಿ ಇರ್ತಾವು, ಒತ್ತಡದಾಗ ಶುದ್ಧ ಆಕ್ಸಿಜನ್ ಎಣ್ಣಿಗೆ ಮುಟ್ಟಿದ್ರ ಕಿಡಿ ಬೇಕಂತಿಲ್ಲ, ಸಿಡೀತೈತಿ, ಮಾರಿ ಹತ್ರ ಹಿಡಕೊಂಡಿರೋ ವಸ್ತು ಅದು. ಪಂಕ್ಚರ್ ಅಂಗಡಿ ಕಂಪ್ರೆಸರ್ ಹತ್ತು ಬಾರ್ (ಗಾಳಿ ಒತ್ತಡದ ಅಳತಿ) ಆಸುಪಾಸು ಬರ್ತೈತಿ, ಮ್ಯಾಚ್ ರೈಫಲ್ ಸಿಲಿಂಡರಿಗೆ 200 ಬಾರ್ ಬೇಕು, ಎಲ್ಲಿಂದೆಲ್ಲಿಗೆ.

ಗದಗದವ್ರಿಗೆ: ನಾ ಹ್ಯಾಂಡ್ ಪಂಪಿನಾಗ ತುಂಬ್ಕೋತೀನ್ರಿ. 200 ಬಾರ್ ತನಕ ಹೋಗ್ತೈತಿ, ಆದ್ರ 150 ದಾಟಿದ ಮ್ಯಾಲ ಇಡೀ ಮೈಭಾರ ಹಾಕಿದ್ರೂ ಹ್ಯಾಂಡಲ್ ಇಳಿಯಾಕ ಒಲ್ಲೆ ಅಂತೈತಿ, ಪಂಪ್ ಬಿಸಿ ಆಗ್ತೈತಿ, ನಡುನಡುವ ಆರಾಕ ಬಿಡಬೇಕು. ಧಾರವಾಡದ ಮಳಿಗಾಲ ನಿಮಗ ಗೊತ್ತ ಐತಿ, ಜುಲೈದಾಗ ಗ್ವಾಡಿನೂ ಬೆವರ್ತಾವು. ಆ ಹಸಿ ಗಾಳಿನ್ನ ಒತ್ತಿದ್ರ ನೀರು ಸಿಲಿಂಡರಿನೊಳಗ ಹೋಗ್ತೈತಿ. ಪಂಪಿಗೆ ಹಸಿ ಹೀರೋ ಸಿಲಿಕಾ ಜೆಲ್ ಫಿಲ್ಟರ್ ಹಾಕಿ, ಅದರ ಹರಳಿನ ಬಣ್ಣ ತಿರಗಿತೇನು ನೋಡ್ಕೊಂತ ಇರ್ರಿ. ಪ್ರತಿ ಸಲ ಕಡೀಕ ಪಂಪಿನ ಗಾಳಿ ಬಿಡೋ ತಿರುಪು ತಗದಾಗ ಬೆಳ್ಳಗ ಮಂಜಿನಂಗ ಹನಿ ಹಾರತಾವು, ಅವನ್ನ ಕಂಡ ಮ್ಯಾಲ ಫಿಲ್ಟರ್ ಇಲ್ದ ಯಾರೂ ಪಂಪ್ ಮುಟ್ಟೂದಿಲ್ಲ. ಗದಗದಾಗ ನಿಮಗ ಹವಾ ಒಣಗಿದ್ದು, ಆ ಮಟ್ಟಿಗೆ ಪುಣ್ಯಾ ಮಾಡೀರಿ. ಒಮ್ಮೆ ಪೂರ್ತಿ ತುಂಬಿದ್ರ ಮ್ಯಾಚ್ ರೈಫಲ್ ಇನ್ನೂರು ಗುಂಡಿನ ಮ್ಯಾಲ ಕೊಡ್ತೈತಿ, ಹಂಗಾಗಿ ದಿನಾ ತುಂಬೋ ಕೆಲಸ ಏನಿಲ್ಲ.

ಒಂದು ಮಾತು ಮರೀಬ್ಯಾಡ್ರಿ, ಸೆಕೆಂಡ್ ಹ್ಯಾಂಡ್ ಪಿಸಿಪಿ ನೋಡೋವಾಗ ಸಿಲಿಂಡರ್ ಮ್ಯಾಲ ಕೆತ್ತಿರೋ ತಾರೀಖು ನೋಡ್ರಿ. ಜರ್ಮನಿ ಕಂಪನಿಗಳ ಸಿಲಿಂಡರಿಗೆ 10 ವರ್ಷದ ಅವಧಿ, ಅವಧಿ ಮುಗದಿಲ್ಲ ಅನ್ನೋದು ಶೂಟರಿನ ಜವಾಬ್ದಾರಿ ಅಂತ ರೂಲಿನಾಗ ಐತಿ. ನಂಗ ಒಬ್ಬಾವ ಛೊಲೋ ರೇಟಿಗೆ ಕೊಡ್ತೀನಿ ಅಂತ ಬಂದಿದ್ದ, ಸಿಲಿಂಡರ್ ತಿರುವಿ ನೋಡಿದ್ರ ಅದರ ಕಾಲ ಯಾವಾಗ್ಲೋ ಮುಗದಿತ್ತು. ಹೊಸ ಸಿಲಿಂಡರಿನ ರೊಕ್ಕ ಕೂಡ್ಸಿದ್ರ ರೇಟು ಛೊಲೋ ಉಳೀಲಿಲ್ಲ.

ಗದಗದ ಗಾಳಿ:
ಎಲ್ಲಾರಿಗೂ ಧನ್ಯವಾದ್ರೀ, ಕಾಕಾರದು ಓದಿ 300ಎಸ್ ಮ್ಯಾಲ ಆಸೆ ಹುಟ್ಟೇತಿ. ಮತ್ತೊಂದು ಕೇಳ್ತೀನಿ. ಸ್ಪ್ರಿಂಗಿನಾಗ ಕಲ್ತವಂಗ ಪಿಸಿಪಿ ಬೆಣ್ಣಿ ಅಂತ ಒಬ್ಬರು ಹೇಳಿದ್ರು, ಫಾಲೋ ಥ್ರೂ (ಗುಂಡು ಬಿಟ್ಟ ಮ್ಯಾಲೂ ಅಲ್ಲಾಡದ ನಿಲ್ಲೋದು) ತಾನ ಬರ್ತೈತಂತ. ಸಾದಾ ಸ್ಪ್ರಿಂಗ್ ತಗೊಂಡು ಮನಿಯಾಗ ಪ್ರಾಕ್ಟೀಸ್ ಮಾಡಿ, ಮ್ಯಾಚಿಗೆ ಕ್ಲಬ್ಬಿನ ಪಿಸಿಪಿ ಹಿಡದ್ರ ಹೆಂಗ?

ಸಪ್ತಾಪುರ 10.9:
ಈ ಮಾತು ಎಲ್ಲಾ ಕಡೆ ಕೇಳ್ತೀನಿ, ನಾ ಪೂರಾ ಒಪ್ಪೂದಿಲ್ಲ. ಗುಂಡು ಹೋದ ಮ್ಯಾಲೂ ಸೈಟ್ ನೋಡ್ಕೊಂತ ನಿಲ್ಲೋದನ್ನ ಸ್ಪ್ರಿಂಗ್ ಕಲಸ್ತೈತಿ, ಅದು ನಿಜ, ಎದ್ದು ನೋಡಿದ್ರೋ ಗುಂಡು ಎಲ್ಲರ ಹೋಗಿರ್ತೈತಿ. ಆದ್ರ ಸಾದಾ ಸ್ಪ್ರಿಂಗ್ ಗುರಿಗೆ ಬೀಳಬೇಕಂದ್ರ ಅದನ್ನ ಬಿಗಿ ಹಿಡಿಬಾರ್ದು, ಅಂಗೈ ಮ್ಯಾಲ ಸುಮ್ನ ಇಟ್ಟು, ಭುಜಕ್ಕ ಬರೇ ತಾಗ್ಸಿ, ಒದಿಯೋಷ್ಟು ಒದೀಲಿ ಅಂತ ಬಿಡಬೇಕು. ಮ್ಯಾಚ್ ಪೊಸಿಷನ್ ಅದಕ್ಕ ಉಲ್ಟಾ. ಜಾಕೀಟ್ ಹಾಕ್ಕೊಂಡು, ಬಟ್ ಪ್ಲೇಟ್ ಭುಜದಾಗ ಕುಂದ್ರಿಸಿ, ಗಲ್ಲ ಒಂದ ಜಾಗಾಕ್ಕ ಒಂದ ಭಾರದಾಗ, ಪ್ರತಿ ಗುಂಡಿಗೂ ಅದ. ನೀವು ಮನಿಯಾಗ ಒಂದು ಹಿಡಿತ, ಕ್ಲಬ್ಬಿನಾಗ ಇನ್ನೊಂದು ಹಿಡಿತ ರೂಢಿ ಮಾಡ್ಕೊಂಡ್ರ ಮ್ಯಾಚಿನ ದಿನ ಮೈ ಯಾವ್ದನ್ನ ಕೇಳ್ಬೇಕು? ಮನಿಯಾಗ ಪ್ರಾಕ್ಟೀಸ್ ಬೇಕಂದ್ರ ಕ್ಲಬ್ಬಿನಾಗ ಕೇಳಿ ಪಿಸಿಪಿ ಡ್ರೈ ಫೈರ್ (ಪೆಲ್ಲೆಟ್ ಇಲ್ದ ಬರೇ ಟ್ರಿಗರ್ ಎಳಿಯೋದು) ಮಾಡ್ರಿ, ಗ್ವಾಡಿಗೆ ಒಂದು ಚುಕ್ಕಿ ಅಂಟಿಸಿ. ಮ್ಯಾಚ್ ಪಿಸಿಪಿಯೊಳಗ ಅದಕ್ಕಂತ ಡ್ರೈ ಫೈರ್ ವ್ಯವಸ್ಥಾ ಇರ್ತೈತಿ. ಸ್ಪ್ರಿಂಗಿನಾಗ ಮಾತ್ರ ಪೆಲ್ಲೆಟ್ ಇಲ್ದ ಹೊಡೀಬ್ಯಾಡ್ರಿ, ಮುಂದ ಗಾಳಿದ ಮೆತ್ತಿ ಇರೂದಿಲ್ಲ, ಪಿಸ್ಟನ್ ಹೋಗಿ ಢಂ ಅಂತ ಬಡೀತೈತಿ, ಸೀಲ್ ಹೋಗ್ತೈತಿ.

ಹಾವೇರಿ ಹಳೇ ಕೊಳವಿ:
ಈ ಹಿಡಿತದ ಮಾತು ಒಪ್ಪಿದೆ. 300ಎಸ್ಸಿಗೆ ಈ ತ್ರಾಸ ಇಲ್ಲ, ಮ್ಯಾಚ್ ಹಿಡಿತದಾಗ ಹೊಡಿಬಹುದು. ಸಿಕ್ರ ತಗೋರಿ, ಆದ್ರ ಒಳಗಿನ ರಬ್ಬರ್, ಪ್ಲಾಸ್ಟಿಕ್ ಭಾಗ ವಯಸ್ಸಾಗಿ ಪುಡಿ ಆಗಿರ್ತಾವು, ಯಾವಾಗ ಬದಲ್ಸ್ಯಾರ ಕೇಳ್ರಿ. ಸೈಡ್ ಲಿವರ್ ಹಿಂದ ಎಳದು ಪೆಲ್ಲೆಟ್ ಹಾಕೋವಾಗ ಲಿವರ್ ಕೈಯಾಗಿಂದ ಬಿಡಬ್ಯಾಡ್ರಿ, ಕೊಂಡಿ ಜಾರಿದ್ರ ಬೆರಳು ತಗೊಂಡು ಹೋಗ್ತೈತಿ.

ಕೆಲಗೇರಿ ಕೆರಿದಂಡಿ:
ಯಾರೂ ಹೇಳ್ಲಿಲ್ಲ ಅಂತ ಹೇಳ್ತೀನಿ, ನೀವು ಯಾವ ಇವೆಂಟಿಗೆ ನಿಲ್ಲತೀರಿ ಅನ್ನೋದ ಮೊದಲ ಪ್ರಶ್ನೆ. ಪೀಪ್ ಸೈಟ್ (ಸಣ್ಣ ತೂತಿನಾಗಿಂದ ಗುರಿ ನೋಡೋದು) ಇವೆಂಟ್ ಆದ್ರ ಸಪ್ತಾಪುರದವ್ರು ಹೇಳಿದಂಗ ಪಿಸಿಪಿನ, ಅದಕ್ಕ ಇನ್ನೊಂದು ಮಾತಿಲ್ಲ. ಓಪನ್ ಸೈಟ್ (ತೂತಿನ ಬದಲಿ ಕಚ್ಚಿನಾಗಿಂದ ಗುರಿ ನೋಡೋದು) ಇವೆಂಟ್ ಬ್ಯಾರೆ ಇಡ್ತಾರಲ್ರಿ, ಶಾಲಿ ಹುಡುಗೂರ ಮೀಟಿನಾಗೂ ಇರ್ತೈತಿ, ಅಲ್ಲಿ ಸ್ಪ್ರಿಂಗ್ ಹಿಡದವ್ರು ಇರ್ತಾರ, ಛೊಲೋ ಹೊಡದ್ರ ಮೆಡಲೂ ಬರ್ತೈತಿ. ಎಂಟ್ರಿ ಹಾಕೂದಕ್ಕ ಮೊದಲು ಆ ಮೀಟಿನ ಸರ್ಕ್ಯುಲರ್ ಪೂರ್ತಿ ಓದ್ರಿ, ಒಂದೊಂದು ಕಡೆ ಒಂದೊಂದು ನಮೂನಿ. ಹೊರದೇಶದಾಗ ಫೀಲ್ಡ್ ಟಾರ್ಗೆಟ್ ಅಂತ ಆಟ ಐತಿ, ಬಯಲಾಗ ಕುಂತು ತಗಡಿನ ಟಾರ್ಗೆಟ್ ಬೀಳ್ಸೋದು, ಅಲ್ಲಿ ವಿಶ್ವ ಮಟ್ಟದಾಗೂ ಸ್ಪ್ರಿಂಗಿನವ್ರಿಗೆ ಕ್ಲಾಸ್ ಬ್ಯಾರೆ ಮಾಡ್ಯಾರ, ಪಿಸಿಪಿ ಜೋಡಿ ಕುಸ್ತಿ ಹಾಕ್ಸೂದಿಲ್ಲ. ಅದು ನ್ಯಾಯ ಅನ್ಸತೈತಿ ನನಗ.

ಲೈಸೆನ್ಸ್ ವಿಷಯ ಕೇಳಿಲ್ಲ ಆದ್ರೂ: 2016ರ ಆರ್ಮ್ಸ್ ರೂಲ್ಸ್ ಪ್ರಕಾರ 4.5 ಎಂಎಂ ಒಳಗ, ಪೆಲ್ಲೆಟ್ ಹೊರಡೋ ಶಕ್ತಿ 20 ಜೂಲ್ ಒಳಗ ಇದ್ರ ಲೈಸೆನ್ಸ್ ಬೇಕಿಲ್ಲ. ಮ್ಯಾಚ್ ರೈಫಲ್ ಏಳೂವರಿ ಜೂಲ್ ಆಸುಪಾಸು. ಅಂಗಡಿಯವ ಜೋರ್ ಹೊಡಿತೈತಿ ಅಂತ 5.5 ಎಂಎಂ ತೋರಸಿದ್ರ ಕೈ ಮುಗದು ಬರ್ರಿ, ಅದಕ್ಕ ಲೈಸೆನ್ಸೂ ಬೇಕು, ಮ್ಯಾಚಿಗೂ ಬರೂದಿಲ್ಲ. ಬಿಲ್ ಇಲ್ದ ಏನೂ ತಗೋಬ್ಯಾಡ್ರಿ. ಮತ್ತ ಮಾಳಗಿ ಮ್ಯಾಲ ಪ್ರಾಕ್ಟೀಸ್ ಅನ್ನೋದಾದ್ರ ಹಿಂದ ಗಟ್ಟಿ ಗ್ವಾಡಿ, ಪೆಲ್ಲೆಟ್ ಹಿಡಿಯೋ ಪೆಟ್ಟಿಗಿ ಎರಡೂ ಇರ್ಲಿ. ಕಪ್ಪತಗುಡ್ಡದಾಗ ಫ್ಯಾನ್ ತಿರಗ್ಸೋ ನಿಮ್ಮ ಗಾಳಿಗೆ ಅರ್ಧ ಗ್ರಾಮಿನ ಪೆಲ್ಲೆಟ್ ಯಾವ ಲೆಕ್ಕ, ಸುತ್ತ ಮುಚ್ಚಿದ ಜಾಗಾ ನೋಡ್ಕೋರಿ.

ಗದಗದ ಗಾಳಿ:
ಹಂಗಾದ್ರ ಈ ವರ್ಷ ಒಂದು ಸಾದಾ ಸ್ಪ್ರಿಂಗ್ ತಗೊಂಡು ಓಪನ್ ಸೈಟಿಗೆ ನಿಲ್ಲತೀನಿ, ಪೀಪ್ ಸೈಟ್ ಕ್ಲಬ್ಬಿನ ರೈಫಲ್ಲಿನಾಗ ನಡೀಲಿ, ರೊಕ್ಕ ಕೂಡಿದ ಮ್ಯಾಲ ಪಿಸಿಪಿ ನೋಡೂಣು. ಕಾಕಾ, ನೀವು 300ಎಸ್ ಮಾರೂದಾದ್ರ ಮೊದಲು ನನಗ ಹೇಳ್ರಿ ಮತ್ತ. ಪೆಲ್ಲೆಟ್ ಯಾವ್ದು ತರಲಿ?

ಹಾವೇರಿ ಹಳೇ ಕೊಳವಿ:
ಮಾರೂದಿಲ್ಲ, ಬಂದು ಹೊಡದು ಹೋಗ್ರಿ. ಪೆಲ್ಲೆಟ್ ಚಪ್ಪಟಿ ತಲಿದ ತರ್ರಿ, ಕಾರ್ಡಿನಾಗ ತೂತು ದುಂಡಗ ಬೀಳ್ತೈತಿ, ಚೂಪು ತಲಿದ್ದು ಕಾಗದ ಹರೀತೈತಿ, ಎಣಸೋವಾಗ ಜಗಳ. ಹೆಡ್ ಸೈಜ್ 4.49, 4.50 ಎರಡೂ ಒಂದೊಂದು ಡಬ್ಬಿ ತಗೋರಿ, ನಿಮ್ಮ ಬ್ಯಾರಲ್ಲಿಗೆ ಯಾವ್ದು ಒಗ್ಗತೈತಿ ಹೊಡದ ನೋಡಬೇಕು.