ಕಾರಂಜಾದ ಮೀನಿಗೆ ಹೊಗಿ ಕೊಡೋದು ಹ್ಯಾಂಗ? ಮಾಡಿ ನೋಡಿದವ್ರು ಹೇಳ್ರಿ

ಕೇಳಿದವ, ಬೀದರ

ಎಲ್ಲರಿಗೂ ನಮಸ್ಕಾರ್ರಿ. ನಾಕು ವರ್ಷ ಅಮೆರಿಕದ ಮಿಲ್ವಾಕೀ ಊರಾಗ ಇದ್ದು ಈಗ ತಿರುಗಿ ಬಂದೀನಿ. ಅಲ್ಲಿ ಬಾಜೂಮನಿ ಮುದುಕಪ್ಪ ಒಬ್ಬರು ಮಿಶಿಗನ್ ಸರೋವರಕ್ಕ ಸಾಲ್ಮನ್ ಹಿಡಿಲಾಕ ತಮ್ಮ ದೋಣ್ಯಾಗ ನನ್ನ ಕರ್ಕೊಂಡು ಹೋಗ್ತಿದ್ರು. ಸರೋವರ ಅಂತ ಹೆಸರಷ್ಟೇ, ಆಚೀ ದಂಡಿ ಕಣ್ಣಿಗೆ ಬೀಳಂಗಿಲ್ಲ. ಬ್ಯಾಸಗ್ಯಾಗ ಸಾಲ್ಮನ್ ತಂಪು ನೀರು ಹುಡುಕ್ಕೊಂಡು ಆಳಕ್ಕ ಇಳಿತದ. ಅದಕ್ಕ ಅವ್ರು ನಾಕೈದು ಕೇಜಿ ಸೀಸದ ಗುಂಡು ತಂತಿಗೆ ಕಟ್ಟಿ ಕೆಳಗ ಬಿಟ್ಟು, ಗಾಳದ ದಾರ ಅದರ ಬಾಜೂಕ ಒಂದು ಕ್ಲಿಪ್ಪಿಗೆ ಸಿಗಿಸ್ತಿದ್ರು. ದೋಣಿ ನಿಧಾನ ಹೋಗ್ತಿರ್ತದ. ಮೀನು ಕಚ್ಚಿತಂದ್ರ ದಾರ ಕ್ಲಿಪ್ ಬಿಟ್ಟು ಹಾರಿ, ಬಗ್ಗಿದ್ದ ಕೋಲು ಟಣ್ ಅಂತ ಮ್ಯಾಲೆದ್ದು ನಿಲ್ತಿತ್ತು. ಆ ಸಪ್ಪಳ ಇನ್ನೂ ಕಿವ್ಯಾಗ ಅದ.

ಹಿಡಿದಿದ್ದನ್ನ ಉಪ್ಪು, ಕಂದು ಸಕ್ರಿ ನೀರಾಗ ರಾತ್ರಿಪೂರ್ತಿ ಇಟ್ಟು, ಮರುದಿನ ಸೇಬಿನ ಕಟಗಿ ಹೊಗ್ಯಾಗ ಮೂರು ತಾಸು ಬೇಯಿಸ್ತಿದ್ರು. ಒಂದು ತುಂಡು ಬಾಯಾಗಿಟ್ರ ಪದರ ಪದರ ಬಿಚ್ಕೋತಿತ್ತು.

ನಮ್ಮ ಅಪ್ಪಗ ಅದನ್ನ ತಿನ್ನಿಸಬೇಕು ಅಂತ ಆಸಿ. ಹೈದರಾಬಾದಿನಿಂದ ಫ್ರೋಜನ್ ಸಾಲ್ಮನ್ ತರಿಸೋ ವಿಚಾರ ಇಲ್ಲ, ನಮ್ಮ ಕಾರಂಜಾ ಡ್ಯಾಮಿನ ಮೀನಿನಾಗೇ ಮಾಡಬೇಕು. ಯಾವ ಮೀನು? ಎಲ್ಲಿ ಹಿಡಿಬೇಕು? ಯಾವ ಕಟಗಿ? ಎಷ್ಟು ದಿನ ಇಡಬಹುದು? ಮಾಡಿದವರಷ್ಟೇ ಹೇಳ್ರಿ, ಯೂಟ್ಯೂಬ್ ನೋಡಿ ಹೇಳಬ್ಯಾಡ್ರಿ. ಅದನ್ನ ನಾನೂ ನೋಡೀನಿ.

ಭಾಲ್ಕಿ ತಾಲೂಕಿನವ

ಮೊದಲ ಹಿಡಿಯೋ ಮಾತು. ಡ್ಯಾಮ್ ಇರೋದು ನಮ್ಮ ತಾಲೂಕಿನ ಬ್ಯಾಲಹಳ್ಳಿ ಹತ್ರ. ಡ್ಯಾಮಿನಾಗ ಮೀನು ಹಿಡಿಯೋ ಹಕ್ಕು ಗುತ್ತಿಗಿ ಇಲ್ಲಾ ಪರವಾನಗಿ ಮ್ಯಾಲ ಇರ್ತದ. ನಾವು ಗಾಳ ಹಾಕೋರು ಅದಕ್ಕ ಹೊರಗಿನವ್ರಲ್ಲ. ದಂಡಿಗೆ ಬಲೆ ಹಾಕೋರ ಹತ್ರ ಹೋಗಿ ಒಂದು ಮಾತು ಕೇಳ್ರಿ, ಯಾರ ಕಡಿ ಕೇಳಬೇಕು ಅಂತ ಅವ್ರೇ ಹೇಳ್ತಾರ. ನಾ ಮೊದಲ ಸಲ ಕೇಳದೇ ಕುಂತು ಬೈಸ್ಕೊಂಡೀನಿ. ಆಮ್ಯಾಲ ಅವ್ರ ಜೋಡಿನೇ ಚಾ ಕುಡದೀನಿ, ಅದು ಬ್ಯಾರೆ ಮಾತು.

ಸೀಸದ ಗುಂಡು, ಕ್ಲಿಪ್ಪು ಇಲ್ಲಿ ಏನೂ ಬ್ಯಾಡ ತಮ್ಮಾ. ಕಾಟ್ಲಾ ಮ್ಯಾಲಿನ ನೀರಾಗ ತಿಂತದ, ಅದರ ಬಾಯಿ ನೋಡ್ರಿ, ಮ್ಯಾಲ ತೆರದಿರ್ತದ. ರೋಹು ನಡುನೀರಿಂದು. ಮೃಗಾಲ್ ತಳದಾಗ ಕೆಸರು ಕೆದರಿ ತಿಂತದ. ಅಂದಮ್ಯಾಲ ಬೆಂಡು ಎಷ್ಟು ಮ್ಯಾಲ ಕಟ್ಟಬೇಕು ಅನ್ನೋದು ನಿಮಗ ಯಾವ ಮೀನು ಬೇಕು ಅನ್ನೋದರ ಮ್ಯಾಲ ಅದ. ನಾ ಹಾಕೋದು ಶೇಂಗಾ ಹಿಂಡಿ, ಗೋಧಿ ಹಿಟ್ಟು, ಒಂದು ಚೂರು ಬೆಲ್ಲ. ಬಿಗಿ ಕಲಸಿ ನೆಲ್ಲಿಕಾಯಿಯಷ್ಟು ಉಂಡಿ. ಭಾಳ ಮೆತ್ತಗಾದ್ರ ನೀರಿಗೆ ಬಿದ್ದ ಕೂಡ್ಲೇ ಕರಗಿ ಹೋಗ್ತದ, ಭಾಳ ಗಟ್ಟಿ ಆದ್ರ ಮೀನು ಮೂಸಿ ಬಿಡ್ತದ. ಕುಂಡ್ರೋಕಿಂತ ಮೊದಲ ಅದೇ ಹಿಂಡಿ ಎರಡು ಮುಷ್ಟಿ ಆ ಜಾಗಾಕ್ಕ ಎರಚ್ರಿ.

ಮುಂಜಾನಿ 9ರೊಳಗ ಆದ್ರ ಆತು. ಇಲ್ಲಂದ್ರ ಸಂಜಿ 5ರ ಮ್ಯಾಲ. ನಡುವಿನ ಬಿಸಲಾಗ ಕುಂತ್ರ ನೀವೇ ಹೊಗಿ ಆಗ್ತೀರಿ.

ಮೀನುಗಾರಿಕೆ ಓದಿದವರು, ಬೀದರ

ಪ್ರಶ್ನೆಯಲ್ಲಿ ಒಂದು ಸ್ವಾರಸ್ಯ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ಮಿಶಿಗನ್ ಸರೋವರದ ಸಾಲ್ಮನ್ ಆ ಸರೋವರದ ಮೂಲ ನಿವಾಸಿ ಅಲ್ಲ. ಅದು ಪೆಸಿಫಿಕ್ ಕಡೆಯ ಮೀನು. ಏಲ್‌ವೈಫ್ ಅನ್ನೋ ಸಣ್ಣ ಮೀನು ಕಾಲುವೆಗಳ ದಾರಿ ಹಿಡಿದು ಸರೋವರಕ್ಕೆ ನುಗ್ಗಿ, ವಿಪರೀತ ಬೆಳೆದು, ದಂಡೆಗೆ ರಾಶಿ ರಾಶಿ ಸತ್ತು ಬೀಳುತ್ತಿತ್ತು. ಅದನ್ನು ತಿನ್ನಲು ಒಂದು ದೊಡ್ಡ ಮೀನು ಬೇಕಿತ್ತು. ಮಿಶಿಗನ್ ರಾಜ್ಯದ ಮೀನುಗಾರಿಕೆ ಮುಖ್ಯಸ್ಥರಾಗಿದ್ದ ಹೋವರ್ಡ್ ಟ್ಯಾನರ್ ಮುಂದೆ ನಿಂತು 1966ರಲ್ಲಿ ಕೋಹೋ ಸಾಲ್ಮನ್ ಮರಿಗಳನ್ನು ಬಿಡಿಸಿದರು. 1967ರಲ್ಲಿ ಚಿನೂಕ್ ಸಾಲ್ಮನ್ ಬಂತು. ನೀವು ಹಿಡಿದದ್ದು ಆ ಬಿತ್ತನೆಯ ಕತೆಯ ಮುಂದಿನ ಭಾಗ.

ಕಾರಂಜಾದ ಕಾಟ್ಲಾ ಕೂಡ ಬಿತ್ತಿದ ಮೀನೇ. ಕಾಟ್ಲಾ, ರೋಹು ನಿಂತ ನೀರಿನಲ್ಲಿ ಮೊಟ್ಟೆ ಇಡೋದಿಲ್ಲ, ಮಳೆಗಾಲದ ಹರಿವ ನೀರು ಬೇಕು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಈ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದ ಮೇಲೆ ಮರಿ ಸಿಗೋದು ಸುಲಭವಾಯಿತು. ಜುಲೈ 10 ಈಗ ಮೀನು ಕೃಷಿಕರ ದಿನ. (ಸಮುದ್ರದ ಸುಳಿವಿಲ್ಲದ ನಮ್ಮ ಬೀದರಿನಲ್ಲಿ ಪಶು ವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಶ್ವವಿದ್ಯಾಲಯದ ಕೇಂದ್ರ ಇದೆ, ಮೀನುಗಾರಿಕೆ ಕಾಲೇಜು ಮಂಗಳೂರಿನಲ್ಲಿ. ನಾನು ಅಲ್ಲಿಗೆ ಓದಲು ಹೊರಟಾಗ ನಮ್ಮ ಕಾಕಾ ಕೇಳಿದ್ದು ಒಂದೇ ಪ್ರಶ್ನೆ: ಬೀದರ ಹೆಸರಿನ ಕಾಗದಕ್ಕೆ ಮಂಗಳೂರಿಗೆ ಯಾಕೆ ಹೋಗ್ತಿ?)

ಯಾವ ಮೀನು ಅಂತ ಕೇಳಿದಿರಿ. ಕೊಬ್ಬು ನೋಡಿ ಆರಿಸಿ. ಸಾಲ್ಮನ್ ಹೊಗೆಯಲ್ಲಿ ಮೆತ್ತಗೆ ಉಳಿಯೋದು ಅದರ ಮೈಯ ಎಣ್ಣೆಯಿಂದ. ಮರಲ್ ಅಂದರೆ ಕೊರಮೀನು ಸಾರಿಗೆ ರಾಜ, ಆದರೆ ಕೊಬ್ಬು ಕಡಿಮೆ, ಹೊಗೆಯಲ್ಲಿ ಹಗ್ಗದಂತಾಗುತ್ತದೆ. ನನ್ನ ಆಯ್ಕೆ 3 ಕೇಜಿಗೆ ಮೇಲ್ಪಟ್ಟ ಕಾಟ್ಲಾದ ಹೊಟ್ಟೆ ಭಾಗ. ಬಜಾರದಲ್ಲಿ ಸಿಗೋ ಪಂಗಾಸ್ ಇನ್ನೂ ಕೊಬ್ಬಿನದು, ಮುಳ್ಳಿನ ಕಾಟವೂ ಇಲ್ಲ, ಮೊದಲ ಸಲಕ್ಕೆ ಅದೇ ಸುಲಭ. ಗಾಳದ ಮೀನು ಅಂತ ಹಟ ಇದ್ದರೆ ಕಾಟ್ಲಾ. ಬೆನ್ನಿನ ಮಾಂಸದ ಒಳಗೆ ಕವಲು ಕವಲಾದ ಸಣ್ಣ ಮುಳ್ಳು ಇರುತ್ತವೆ, ಅಪ್ಪಾಜಿಗೆ ಹೊಟ್ಟೆ ಭಾಗವೇ ಕೊಡಿ.

ಹುಣಸಗಿ ಕಡಿಯವ, ಯಾದಗಿರಿ ಜಿಲ್ಲಾ

ನಮ್ಮದು ಹರಗೋಲಿನ ಮನಿತನ್ರಿ. ನಾರಾಯಣಪುರದ ಬಸವಸಾಗರದಾಗ ನಮ್ಮ ಅಪ್ಪ, ಅಣ್ಣ ಬಲೆ ಬಿಡ್ತಾರ. ಕಾರಂಜಾ ಪೂರ್ತಿ ತುಂಬಿದ್ರ 7.69 ಟಿಎಂಸಿ. ನಮ್ದು 33 ಟಿಎಂಸಿ. ಜಂಭ ಕೊಚ್ಚಲತ್ತಿಲ್ಲ, ನೀರು ಹೆಚ್ಚಾದಂಗ ಗಾಳಿ, ತೆರಿ ಹೆಚ್ಚು ಅಂತ ಹೇಳಲಾಕ ಬರದೀನಿ. ದೊಡ್ಡ ನೀರಿಗೆ ಆಸಿಪಟ್ಟು ಇಲ್ಲಿ ಬರೋದಾದ್ರ ಹರಗೋಲಿನವ್ರ ಜೋಡಿನೇ ಇಳೀರಿ, ಲೈಫ್ ಜಾಕೀಟ್ ಹಾಕ್ಕೊಳ್ರಿ. ಡ್ಯಾಮಿನ ಕೆಳಗ ನದಿ ಪಾತ್ರದಾಗ ಬಂಡಗಲ್ಲಿನ ಮ್ಯಾಲ ಕುಂತು ಗಾಳ ಹಾಕೋದು ಮಾತ್ರ ಬ್ಯಾಡೇಬ್ಯಾಡ. ಗೇಟ್ ತಗದ್ರ ನೀರು ನಿಮ್ಮನ್ನ ಕೇಳಿ ಬರಂಗಿಲ್ಲ. ಕೃಷ್ಣಾದಾಗ ಮೊಸಳಿನೂ ಅವ.

ಹೊಗಿ ಮಾತಿಗೆ ಬಂದ್ರ, ನಮ್ಮ ಆಯಿ ಮಳಿಗಾಲದಾಗ ಸಣ್ಣ ಮೀನು ಒಲಿ ಮ್ಯಾಲಿನ ತಟ್ಟಿಗೆ ಹರವಿ ಇಡ್ತಿದ್ಳು. ಬಿಸಲು ಇಲ್ಲ, ಒಣಗಲ್ಲ, ಅದಕ್ಕ. ಎಂಟು ದಿನದಾಗ ಕಪ್ಪಗ ಕಟಗಿ ಹಂಗಾಗ್ತಿದ್ವು. ಬೆಳ್ಳುಳ್ಳಿ ಖಾರ ಹಾಕಿ ಕುಟ್ಟಿ ರೊಟ್ಟಿ ಜೋಡಿ ತಿಂತಿದ್ವಿ. ನಿಮ್ಮ ಸಾಲ್ಮನ್ ಬ್ಯಾರೆ, ಅದು ಬ್ಯಾರೆ. ಒಂದು ರುಚಿಗೆ ಮಾಡೋದು, ಇನ್ನೊಂದು ಇಡಲಾಕ ಮಾಡೋದು. ಎರಡೂ ಒಂದರಾಗೇ ಸಿಗ್ತದ ಅಂತ ತಿಳ್ಕೊಂಡು ಹೊಟ್ಟಿ ಕೆಡಿಸ್ಕೊಂಡವ್ರನ್ನ ಕಂಡೀನಿ.

ಕಲಬುರಗಿಯ ಅಕ್ಕ

ನಾ ಮಾಡೀನಿ, ಮೂರು ಸಲ ಕೆಡಿಸೀನಿ, ನಾಲ್ಕನೇದು ಬಂದದ. ಅದಕ್ಕ ಜರಾ ಉದ್ದ ಬರೀತೀನಿ, ಸೈರಿಸ್ಕೋರಿ.

ಹೊಗಿ ಕೊಡಲಾಕ ಹಳೇ ಡ್ರಮ್ ತಗೊಂಡ್ರ ಮೊದಲು ಅದರಾಗ ಏನಿತ್ತು ಕೇಳ್ರಿ. ಬಣ್ಣ, ಕೆಮಿಕಲ್ ಇದ್ದದ್ದು ಎಷ್ಟು ತಿಕ್ಕಿದ್ರೂ ಬ್ಯಾಡ. ನಾ 15 ಕೇಜಿ ಅಡಗಿ ಎಣ್ಣಿ ಡಬ್ಬ ಎರಡು ಒಂದರ ಮ್ಯಾಲೊಂದು ಇಟ್ಟು ಮಾಡೀನಿ. ಒಳಗ ಸ್ಟೀಲ್ ಜಾಳಿಗಿ. ಸತುವಿನ ಲೇಪ ಇರೋ ಬಿಳಿ ಜಾಳಿಗಿ ಬಿಸಿಗೆ ಇಡಬಾರದು.

ಮೀನು ಬೆನ್ನಿನ ಕಡಿಯಿಂದ ಸೀಳಿಸ್ರಿ, ತೊಗಲು ಇರಲಿ. ಒಂದು ಲೀಟರ್ ನೀರಿಗೆ 80 ಗ್ರಾಂ ಉಪ್ಪು, 50 ಗ್ರಾಂ ಬೆಲ್ಲ. ಅವ್ರು ಕಂದು ಸಕ್ರಿ ಹಾಕ್ತಾರ, ನಮ್ಮ ಕಡಿ ಬೆಲ್ಲಕ್ಕ ಏನ್ ಕಡಿಮಿ? ಫ್ರಿಜ್ಜಿನಾಗ 6-7 ತಾಸು, ಹೊರಗ ಇಡಬ್ಯಾಡ್ರಿ. ತಗದು ತಣ್ಣೀರಾಗ ಒಮ್ಮಿ ತೊಳದು ಒರಸ್ರಿ.

ಇಲ್ಲೇ ನೋಡ್ರಿ ಎಲ್ಲಾರೂ ಅವಸರ ಮಾಡೋದು. ಒರಸಿದ ಮ್ಯಾಲ ಫ್ಯಾನಿನ ಕೆಳಗ ಎರಡು-ಮೂರು ತಾಸು ಬಿಡಬೇಕು, ನೊಣಕ್ಕ ತೆಳುವು ಮಲ್ಮಲ್ ಬಟ್ಟಿ ಎತ್ತರಕ್ಕ ಕಟ್ಟಿ. ಮೀನಿನ ಮೈ ಮ್ಯಾಲ ಒಂದು ಹೊಳಿಯೋ ಪದರ ಬರ್ತದ. ಬೆರಳು ಇಟ್ರ ತೊಯ್ಯಬಾರದು, ಸ್ವಲ್ಪ ಅಂಟಬೇಕು. ನಿನ್ನಿ ವಾರ್ನಿಷ್ ಹಚ್ಚಿದ ಬಾಗಿಲಾ ಮುಟ್ಟಿದಂಗ. ಆ ಪದರಕ್ಕೇ ಹೊಗಿ ಹತ್ತೋದು. ನಾ ಮೊದಲ ಸಲ ಹಸಿ ಮೀನೇ ಇಟ್ಟೆ. ಮೈಮ್ಯಾಲ ಮಸಿ ಕರಗಿ ಗೆರಿ ಗೆರಿ ಇಳದಿತ್ತು. ಅತ್ತಿಯವ್ರು ಒಂದು ತುತ್ತು ತಿಂದು, "ಟೈರ್ ಸುಟ್ಟಿಯೇನು?" ಅಂದ್ರು. ಮೇ ತಿಂಗಳದಾಗ ಈ ಉಸಾಬರಿನೇ ಬ್ಯಾಡ್ರಿ, ನಮ್ಮ ಕಲಬುರಗಿ ಬಿಸಲಿಗೆ ಒಣಗೋದ್ರಾಗ ಮೀನು ಕೆಡ್ತದ. ಎಳ್ಳಮಾಸಿ ಆದ ಮ್ಯಾಲ, ಚಳಿ ಇದ್ದಾಗ ಮಾಡ್ರಿ.

ಕಟಗಿ: ಪೇರಲ ಸಿಕ್ರ ಬಂಗಾರ. ಮಾವು ನಡಿತದ. ಜಾಲಿ ಇದ್ದಿಲಿಗೆ ಛಲೋ. ಬೇವು ಕಹಿ. ತೊಗರಿ ಕಟಗಿ ನಮ್ಮ ಹೊಲದಾಗ ಬೇಕಾದಷ್ಟು ಬಿದ್ದಿರ್ತದ ಅಂತ ಎರಡನೇ ಸಲ ಅದನ್ನೇ ಹಾಕಿದೆ. ಧಗ್ ಅಂತ ಹತ್ತಿ ಹತ್ತು ನಿಮಿಷಕ್ಕ ಬೂದಿ. ಮೀನಿನ ಹೊರಗ ಸುಟ್ಟಿತ್ತು, ಒಳಗ ಹಸಿ. ಬೆಂಕಿ ಹಚ್ಚಲಾಕ ತೊಗರಿ, ಹೊಗಿಗೆ ಪೇರಲ. ಬಡಿಗ್ಯಾರ ಅಂಗಡಿ ಪ್ಲೈವುಡ್ ಚೂರು, ಬಣ್ಣದ ಕಟಗಿ ಮುಟ್ಟಬ್ಯಾಡ್ರಿ.

ಹೊಗಿ ಬೆಳ್ಳಗ ದಟ್ಟ ಬಂತಂದ್ರ ಖುಷಿ ಪಡಬ್ಯಾಡ್ರಿ. ಅದು ಕಟಗಿಗೆ ಗಾಳಿ ಸಾಲಲತ್ತಿಲ್ಲ ಅಂತ. ಮುಚ್ಚಳ ಜರಾ ಸರಸ್ರಿ. ಕಂಡೂ ಕಾಣದಂಗ ತೆಳು ನೀಲಿ ಹೊಗಿ ಇರಬೇಕು. ಡಬ್ಬದ ಒಳಗ 90-100 ಡಿಗ್ರಿ. ಮೀನಿನ ಮೈಮ್ಯಾಲ ಬಿಳಿ ಮೊಸರಿನಂಗ ಒಸರಿತಂದ್ರ ಉರಿ ಜೋರಾತು ಅಂತ ತಿಳ್ಕೋರಿ. ದಪ್ಪ ತುಂಡಿಗೆ ಥರ್ಮಾಮೀಟರ್ ಚುಚ್ಚಿ 71 ಡಿಗ್ರಿ ಬಂದ ಮ್ಯಾಲ ಅರ್ಧ ತಾಸು ಹಂಗೇ ಇರಲಿ. ನನಗ ಒಟ್ಟು ಮೂರು ತಾಸು ಹಿಡಿತದ.

ಇಡೋದು: ಫ್ರಿಜ್ಜಿನಾಗ ನಾಕು ದಿನ, ಅಷ್ಟೇ. ಗಾಳಿ ತಗದ ಪಾಕೀಟಿನಾಗ ಹಾಕಿ ಹೊರಗ ಇಡೋ ಧೈರ್ಯ ಮಾಡಬ್ಯಾಡ್ರಿ. ಗಾಳಿ ಇಲ್ಲದ ಕಡಿ ಬೆಳಿಯೋ ಬೊಟುಲಿನಮ್ ಜೀವಾಣು ವಿಷ ಮಾಡ್ತದ, ವಾಸನಿಲಿಂದ ಗೊತ್ತಾಗಂಗಿಲ್ಲ.

ತಿನ್ನೋದು ನಿಮ್ಮ ಮರ್ಜಿ. ನಾ ಒಂದು ಹೇಳ್ತೀನಿ: ಪುಂಡಿಪಲ್ಯ ಇಳಿಸೋ ಮುಂದ ಈ ಮೀನು ಮುಳ್ಳು ತಗದು ಹರದು ಹಾಕ್ರಿ. ಪುಂಡಿ ಹುಳಿಗೂ ಹೊಗಿಗೂ ಏನು ಸಂಬಂಧನೋ, ಬಿಸಿ ಜ್ವಾಳದ ರೊಟ್ಟಿ ಎಷ್ಟು ಹೋಗ್ತಾವ ಲೆಕ್ಕ ಇರಂಗಿಲ್ಲ.

ಬೀದರದವನೇ, ಹೆಸರು ಬ್ಯಾಡ

ಬಾಜೂಮನ್ಯಾಗ ಮಾಂಸ ತಿನ್ನದವ್ರು ಇದ್ರ ಗಾಳಿ ಯಾ ಕಡಿ ಬೀಸಲತ್ತದ ನೋಡ್ಕೊಂಡು ಬೆಂಕಿ ಹಚ್ರಿ. ನಾ ನೋಡಿಲ್ಲ. ಅವ್ರ ಮಾಳಗಿ ಮ್ಯಾಲ ಸಂಡಿಗಿ ಹಾಕಿದ್ರು. ಅಷ್ಟೂ ಸಂಡಿಗಿ ನಮ್ಮ ಮನಿಗೇ ಬಂದ್ವು, ದಾನ ಅಂತಲ್ಲ, ಸಿಟ್ಟಿಗೆ.

ಕೇಳಿದವ, ಬೀದರ (ಮೂರು ವಾರ ಆದ ಮ್ಯಾಲ)

ಎಲ್ಲರಿಗೂ ಉಪಕಾರ ಆತ್ರಿ. ನಡದದ್ದು ಹೇಳ್ತೀನಿ. ಭಾಲ್ಕಿ ಅಣ್ಣಾರು ಹೇಳಿದಂಗ ಕೇಳಿಕೊಂಡೇ ಕುಂತೆ. ಎರಡು ದಿನ ಬರೇ ಸಣ್ಣ ಜಿಲೇಬಿ ಮೀನು. ಮೂರನೇ ದಿನ ಅಪ್ಪ ಜೋಡಿ ಬಂದ್ರು. ಹಿಂಡಿ ಉಂಡಿ ಮುಟ್ಟಿ ನೋಡಿ, "ಇದು ಕಲ್ಲು" ಅಂದು ತಾವೇ ಕಲಸಿದ್ರು. ಏಳೂವರಿಗೆ ಬೆಂಡು ಒಮ್ಮಿ ಅಡ್ಡ ಬಿತ್ತು, ಮುಳುಗಲಿಲ್ಲ. ನಾ ಸುಮ್ಮನಿದ್ದೆ. ಅಪ್ಪ ನನ್ನ ಮೊಣಕೈ ತಿವಿದ್ರು. ಎಳದೆ. 3 ಕೇಜಿ 200 ಗ್ರಾಂ ಕಾಟ್ಲಾ.

ಮೊದಲ ಸುತ್ತು ಕಹಿ ಆತ್ರಿ ಅಕ್ಕಾ. ಒಣಗಸೋದು ಸರಿ ಇತ್ತು, ಮುಚ್ಚಳದಾಗ ತಪ್ಪಿದೆ. ದಟ್ಟ ಬಿಳಿ ಹೊಗಿ ನೋಡಿ ನೀವು ಹೇಳಿದ್ದು ನೆನಪಿದ್ರೂ ಕೈ ಹೋಗಲಿಲ್ಲ, ಚಂದ ಕಾಣಸ್ತಿತ್ತು. ಉಳಿದ ಅರ್ಧ ಮೀನು ಮರುದಿನ ಮುಚ್ಚಳ ಎರಡು ಬೆರಳು ತೆರದು ಮಾಡಿದೆ. ಜೇನಿನ ಬಣ್ಣ ಬಂತು. ಸಾಲ್ಮನ್ ಹಂಗ ಪದರ ಬಿಚ್ಚಲಿಲ್ಲ, ಎಣ್ಣಿನೂ ಅಷ್ಟಿಲ್ಲ, ಸುಳ್ಳು ಯಾಕ ಹೇಳಲಿ. ಆದ್ರ ಹೊಟ್ಟಿ ಕಡಿಯ ತುಂಡು ಅಪ್ಪ ಎರಡನೇ ಸಲ ಕೇಳಿ ಹಾಕಿಸ್ಕೊಂಡ್ರು. ಮಿಲ್ವಾಕೀ ಮುದುಕಪ್ಪಗ ಫೋಟೋ ಕಳಿಸೀನಿ, ತಿರುಗಿ ಕೇಳಿದ್ದು ಮೀನಿನ ಮಾತಲ್ಲ, ಪೇರಲ ಕಟಗಿ ಅಂದ್ರ ಯಾವುದು ಅಂತ.

ಈಗ ಒಂದೇ ತೊಂದ್ರಿ. ಡಬ್ಬ ಅಂಗಳದಾಗ ಇಡಲಾಕ ಅವ್ವ ಒಲ್ಲೆ ಅನಲತ್ತಾಳ, ಮೂರು ದಿನದಿಂದ ಓಣಿ ಬೆಕ್ಕು ಎಲ್ಲಾ ಅದರ ಸುತ್ತೇ ಅವ ಅಂತ. ಭಾಲ್ಕಿ ಅಣ್ಣಾ, ನಿಮ್ಮ ಹೊಲದ ಮನ್ಯಾಗ ಜಾಗಾ ಅದ ಏನ್ರಿ?