ಕ್ಯಾನ್ಸರ್ ಇರುವವರಿಗೆ ಕ್ಯಾಲ್ಸಿಯಂ ಏರಿದರೆ ಏನು ಮಾಡಿದಿರಿ?

ಮಾವನಿಗೆ ಬಾಯಿ ಕ್ಯಾನ್ಸರ್. ಮೂರು ದಿನದಿಂದ ಬರೀ ನಿದ್ದೆ, ಎಬ್ಬಿಸಿದರೆ ಏನೇನೋ ಮಾತಾಡುತ್ತಾರೆ. ರಿಪೋರ್ಟಲ್ಲಿ ಕ್ಯಾಲ್ಸಿಯಂ 12.8, ಆಲ್ಬುಮಿನ್ 2.4. ಮೂಳೆಗೆ ಹರಡಿಲ್ಲ ಅಂದಿದ್ದರು, ಮತ್ತೆ ಇದು ಎಲ್ಲಿಂದ ಬಂತು? ಹಾಲು ನಿಲ್ಲಿಸಿ ಸೋಮವಾರ ಡಾಕ್ಟರಿಗೆ ತೋರಿಸಿದರೆ ಸಾಕಾ?

ಉತ್ತರ 1
ಸೋಮವಾರದವರೆಗೆ ಕಾಯಬೇಡಿ ಅಕ್ಕ. ಆಲ್ಬುಮಿನ್ ಅಂದರೆ ರಕ್ತದ ಪ್ರೋಟೀನು, ಅದು 4ಕ್ಕಿಂತ ಕಡಿಮೆ ಇದ್ದರೆ ಪ್ರತಿ ಒಂದು ಗ್ರಾಂ ಕೊರತೆಗೆ ಕ್ಯಾಲ್ಸಿಯಂಗೆ 0.8 ಸೇರಿಸಿ ನೋಡಬೇಕು. ನಿಮ್ಮ ಲೆಕ್ಕ 14 ದಾಟುತ್ತದೆ. ಇವತ್ತೇ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.

ನಮ್ಮ ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್ ಇತ್ತು. ಮಂಪರು, ಮಲಬದ್ಧತೆ ಎಲ್ಲಾ ಮಾರ್ಫಿನ್ ಮಾತ್ರೆಯದ್ದು ಅಂದುಕೊಂಡು ಒಂದು ವಾರ ಸುಮ್ನೆ ಕೂತಿದ್ದೆವು. ರಾತ್ರಿಯಿಡೀ ಚೊಂಬುಗಟ್ಟಲೆ ನೀರು ಕುಡಿದು ಐದಾರು ಸಲ ಬಾತ್‌ರೂಮಿಗೆ ಏಳುತ್ತಿದ್ದರು, ಅದೂ ತಲೆಗೆ ಹೋಗಲಿಲ್ಲ. ಒಂದು ಬೆಳಿಗ್ಗೆ ಹಲ್ಲುಜ್ಜೋ ಬ್ರಷ್ ಹಿಡಿದುಕೊಂಡು "ಇದು ಯಾತಕ್ಕೆ?" ಅಂತ ಕೇಳಿದರು ನೋಡಿ, ಆಗ ಓಡಿದೆವು.

ಮೊದಲು ಸಲೈನ್ ಏರಿಸಿದರು, ಕ್ಯಾಲ್ಸಿಟೋನಿನ್ ಇಂಜೆಕ್ಷನ್ ಕೊಟ್ಟರು. ಅದು ಬೇಗ ಇಳಿಸುತ್ತದೆ, ಆದರೆ ಎರಡು ದಿನದ ಮೇಲೆ ಅಷ್ಟು ಕೆಲಸ ಮಾಡಲ್ಲ. ಆಮೇಲೆ ಕಿಡ್ನಿಯ ಕ್ರಿಯಾಟಿನಿನ್ ನೋಡಿಕೊಂಡು ಮೂಳೆ ಕರಗೋದನ್ನು ತಡೆಯೋ ಜೋಲೆಡ್ರೋನಿಕ್ ಆಸಿಡ್ 4 ಮಿಲಿಗ್ರಾಂ ಡ್ರಿಪ್. ಮಾರನೇ ದಿನ ಜ್ವರ ಬಂತು, ಅದು ಮಾಮೂಲಿ ಅಂದರು. ಮೂರನೇ ದಿನ ಅಪ್ಪ ಕಣ್ಣು ಬಿಟ್ಟು ಕಾಫಿ ಕೇಳಿದರು.

ಉತ್ತರ 2
ಎಲ್ಲಿಂದ ಬಂತು ಅಂತ ಕೇಳಿದಿರಲ್ಲ, ಗಡ್ಡೆಯೇ ಪಿಟಿಎಚ್‌ಆರ್‌ಪಿ ಅನ್ನೋ ಹಾರ್ಮೋನಿನಂಥದ್ದನ್ನು ಬಿಡುತ್ತಿರಬಹುದು. ಅದು ಮೂಳೆಯಿಂದ ಕ್ಯಾಲ್ಸಿಯಂ ಕರಗಿಸಿ ರಕ್ತಕ್ಕೆ ಸೇರಿಸುತ್ತದೆ, ಕಿಡ್ನಿ ಹೊರಗೆ ಹಾಕದ ಹಾಗೂ ನೋಡಿಕೊಳ್ಳುತ್ತದೆ. ಹಾಗಾಗಿ ಮೂಳೆಗೆ ಹರಡಿರಲೇಬೇಕು ಅಂತಿಲ್ಲ. ಬಾಯಿ, ಗಂಟಲು, ಶ್ವಾಸಕೋಶ, ಕಿಡ್ನಿ ಕ್ಯಾನ್ಸರಲ್ಲಿ ಇದನ್ನು ನೋಡುತ್ತಾರೆ.

ಹಾಲು ಬಿಡಿಸಿ ಏನೂ ಪ್ರಯೋಜನ ಇಲ್ಲ, ಕೆಲವು ಲಿಂಫೋಮಾದಲ್ಲಿ (ದುಗ್ಧಗ್ರಂಥಿಯ ಕ್ಯಾನ್ಸರ್) ಮಾತ್ರ ಲೆಕ್ಕ ಬೇರೆ. ನಮ್ಮತ್ತೆ ಗಂಜಿಗೆ ಬೆರೆಸಿದ ಒಂದು ಲೋಟ ಹಾಲಷ್ಟೇ ಕುಡಿಯುತ್ತಿದ್ದರು, ಯಾರೋ ಹೇಳಿದರು ಅಂತ ಅದನ್ನೂ ತಪ್ಪಿಸಿದೆವು. ಈಗಲೂ ಹೊಟ್ಟೆ ಉರಿಯುತ್ತದೆ. ಆದರೆ ಬಿಪಿ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ವಿಟಮಿನ್ ಡಿ, ಏನೇನು ನುಂಗುತ್ತಿದ್ದಾರೋ ಎಲ್ಲಾ ಡಾಕ್ಟರ ಮುಂದೆ ಸುರಿಯಿರಿ. ಹಲ್ಲು ಕೀಳಿಸೋದಿದ್ದರೆ ಅದನ್ನೂ ಮೊದಲೇ ಹೇಳಿ, ಆ ಜೋಲೆಡ್ರೋನಿಕ್ ಡ್ರಿಪ್ಪಿಂದ ದವಡೆ ಮೂಳೆಗೆ ತೊಂದರೆ ಆಗಬಹುದು.

ಇನ್ನೊಂದು ಮಾತು, ಹೇಳೋಕೆ ಕಷ್ಟ. ಗಡ್ಡೆ ಹತೋಟಿಗೆ ಬರದಿದ್ದರೆ ಕ್ಯಾಲ್ಸಿಯಂ ಮತ್ತೆ ಏರುತ್ತದೆ. ನಮ್ಮತ್ತೆಗೆ ಒಂದೂವರೆ ತಿಂಗಳಲ್ಲೇ ಏರಿತು. ಮುಂದೇನು ಅಂತ ಡಾಕ್ಟರನ್ನು ನೇರವಾಗಿ ಕೇಳಿಬಿಡಿ.

ಕೇಳಿದವರು
ಆಟೋ ಬಂತು, ಹೊರಟೆವು. ಸುಸ್ತಿಗೆ ಅಂತ ದಿನಾ ಎರಡು ಕ್ಯಾಲ್ಸಿಯಂ ಮಾತ್ರೆ ನಾನೇ ಕೊಡುತ್ತಿದ್ದೆ. ಸ್ಟ್ರಿಪ್ ಚೀಲಕ್ಕೆ ಹಾಕಿಕೊಂಡಿದ್ದೇನೆ.