ವಾಷರ್ ಬದಲಿಸಿದರೂ ಇಂಜೆಕ್ಟರ್ ಬುಡದ ಲೀಕ್ ನಿಲ್ಲುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ (ಹಾಸನದಿಂದ): ಅಣ್ಣಾ, ನನ್ನದು 2013ರ 1.3 ಲೀಟರ್ ಟರ್ಬೊ ಡೀಸೆಲ್ ಗಾಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿಂದ ‘ಚಕ್ ಚಕ್’ ಸದ್ದು. ಆಕ್ಸಲರೇಟರ್ ಒತ್ತಿದರೆ ಅದರ ವೇಗವೂ ಏರುತ್ತದೆ. ಎಸಿ ಹಾಕಿದರೆ ಒಳಗೆಲ್ಲ ಹೊಗೆ ವಾಸನೆ. ಎರಡನೇ ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ) ಸುತ್ತ ಡಾಂಬರಿನ ಹಾಗೆ ಕಪ್ಪಗೆ ಗಟ್ಟಿಯಾಗಿ ಕೂತಿದೆ. ಮೂರು ತಿಂಗಳ ಹಿಂದೆ ವಾಷರ್ ಹಾಕಿಸಿದ್ದೆ, ಮತ್ತೆ ಅದೇ ಕತೆ. ಇಂಜೆಕ್ಟರೇ ಹೋಗಿದೆ ಅಂತಾರೆ. ನಿಜಾನಾ?

ಉತ್ತರ (ಡೀಸೆಲ್ ಪಂಪ್ ಮೆಕ್ಯಾನಿಕ್): ಸುಮ್ನೆ ಹೊಸ ಇಂಜೆಕ್ಟರಿಗೆ ದುಡ್ಡು ಸುರಿಯಬೇಡಿ. ಬುಡದ ತಾಮ್ರದ ವಾಷರ್ ಸರಿಯಾಗಿ ಕೂತಿಲ್ಲ ಅನಿಸುತ್ತದೆ. ಸಿಲಿಂಡರಿನ ಬಿಸಿ ಗ್ಯಾಸ್ ಅಲ್ಲಿಂದ ಮೇಲೆ ನುಗ್ಗುತ್ತಿದೆ, ಆ ಡಾಂಬರು ಅದರದ್ದೇ ಮಸಿ. ಐಡಲ್‌ನಲ್ಲಿಟ್ಟು ಬುಡದ ಸುತ್ತ ಸ್ವಲ್ಪ ಸೋಪಿನ ನೀರು ಬಿಡಿ. ಗುಳ್ಳೆ ಬಂದರೆ ಅನುಮಾನವೇ ಬೇಡ. ಮೇಲ್ಗಡೆ ಬರೀ ಡೀಸೆಲ್ ಒದ್ದೆ ಇದ್ದರೆ ಅದು ಉಳಿದ ಡೀಸೆಲ್ ವಾಪಸ್ ಹೋಗುವ ರಿಟರ್ನ್ ಪೈಪಿನ ಓ-ರಿಂಗ್ (ರಬ್ಬರ್ ಉಂಗುರ), ಚಿಕ್ಕ ಕೆಲಸ.

ವಾಷರ್ ಬೆಲೆ ಒಂದು ಮಸಾಲೆ ದೋಸೆಯಷ್ಟೂ ಇರಲಿಕ್ಕಿಲ್ಲ. ನಿಜವಾದ ಕೆಲಸ ಅದು ಕೂರುವ ಸೀಟಿನದು. ಇಂಜೆಕ್ಟರ್ ತೆಗೆದ ಮೇಲೆ ಟಾರ್ಚ್ ಬಿಟ್ಟು ನೋಡಿ, ತಳದಲ್ಲಿ ಉಂಗುರದ ಹಾಗೆ ಕಾಣುತ್ತದೆ. ಸುತ್ತಲೂ ಹೊಳೆಯಬೇಕು. ಕೂದಲೆಳೆಯಷ್ಟು ಕಪ್ಪು ಗೆರೆ ಉಳಿದರೂ ಗ್ಯಾಸ್ ಅಲ್ಲೇ ದಾರಿ ಮಾಡಿಕೊಳ್ಳುತ್ತದೆ. ಸ್ಕ್ರೂಡ್ರೈವರಿನಲ್ಲಿ ಕೆರೆದರೆ ಗೀರು ಬೀಳುತ್ತದೆ. ಸೀಟನ್ನು ಸಮ ಮಾಡುವ ಸೀಟ್ ಕಟರಿಗೆ ಗ್ರೀಸ್ ಹಚ್ಚಿ ಕೈಯಲ್ಲೇ ನಿಧಾನಕ್ಕೆ ತಿರುಗಿಸಬೇಕು, ಪುಡಿ ಗ್ರೀಸಿಗೆ ಅಂಟಿ ಹೊರಗೆ ಬರುತ್ತದೆ. ಹಳೇ ವಾಷರ್ ತಳದಲ್ಲೇ ಅಂಟಿಕೊಂಡಿದೆಯಾ ಅಂತಲೂ ನೋಡಿಸಿ. ಅದರ ಮೇಲೆ ಹೊಸದು ಹಾಕಿದರೆ ಇಂಜೆಕ್ಟರಿನ ತುದಿ, ಅಂದರೆ ನಾಝಲ್, ಎತ್ತರಕ್ಕೆ ಕೂತು ಸ್ಪ್ರೇ ಹಾಳಾಗುತ್ತದೆ. ಇಂಜೆಕ್ಟರನ್ನು ಒತ್ತಿ ಹಿಡಿಯುವ ಕ್ಲಾಂಪಿನ ಬೋಲ್ಟ್ ಹೊಸದಿರಲಿ, ಎಷ್ಟು ಬಿಗಿ ಅಂತ ಅಳೆಯುವ ಟಾರ್ಕ್ ರೆಂಚಿನಲ್ಲೇ ಬಿಗಿಯಲಿ.

ಇನ್ನೊಬ್ಬರು: ಗ್ಯಾಸ್ಕೆಟ್ ಪೇಸ್ಟ್ ಬಳಿದರೆ ನಿಲ್ಲಲ್ವಾ ಸರ್?

ಉತ್ತರ: ಒಂದು ವಾರ ನಿಲ್ಲಬಹುದು, ಆಮೇಲೆ ಸುಟ್ಟು ಹೋಗುತ್ತದೆ. ಮುಂದಿನ ಸಲ ಇಂಜೆಕ್ಟರ್ ಕೀಳುವವನು ನಿಮಗೆ ಶಾಪ ಹಾಕುತ್ತಾನೆ.

ಪ್ರಶ್ನೆ (ಹಾಸನದಿಂದ): ಕಟರ್ ತರಿಸಿ ನಾನೇ ಮಾಡಲಾ? ಶಿರಾಡಿ ಘಾಟಿಯಲ್ಲಿ ಪಿಕಪ್ಪೂ ಕಮ್ಮಿ ಆಗಿದೆ. ಟರ್ಬೊಗೆ ಏನಾದರೂ ಆಗಿದೆಯಾ?

ಉತ್ತರ: ಮನೆಯಲ್ಲಿ ಬೇಡ. ಹಳೇ ಟ್ರ್ಯಾಕ್ಟರಿನಲ್ಲಿ ಪೈಪ್ ನಟ್ ಸಡಿಲಿಸಿ ಏರ್ ತೆಗೆದ ಕೈ ಇಲ್ಲಿ ನಡೆಯಲ್ಲ. ಟೈರಿನಲ್ಲಿ ಇರುವುದು ಎರಡು ಚಿಲ್ಲರೆ ಬಾರ್ ಒತ್ತಡ. ಎಲ್ಲ ಇಂಜೆಕ್ಟರಿಗೂ ಡೀಸೆಲ್ ಕೊಡುವ ಕಾಮನ್ ರೈಲ್ ಪೈಪಿನಲ್ಲಿ ಅದು ಸಾವಿರ ಬಾರ್ ದಾಟುತ್ತದೆ. ಡೀಸೆಲ್ ಚರ್ಮದೊಳಗೆ ಹೊಕ್ಕರೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಆದರೆ ಬೆರಳೇ ಹೋಗಬಹುದು. ಹಾಗೇನಾದರೂ ಆದರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಇಂಜೆಕ್ಟರ್ ಕಚ್ಚಿಕೊಂಡಿದ್ದರೆ ಎಳೆಯಲು ಪುಲ್ಲರ್ ಬೇರೆ ಬೇಕು. ನಾಲ್ಕೂ ತೆಗೆಸುವುದಾದರೆ ಯಾವುದು ಯಾವ ಸಿಲಿಂಡರಿನದು ಅಂತ ಗುರುತು ಹಾಕಿಸಿ. ಪ್ರತಿಯೊಂದರ ಕೋಡೂ ಎಂಜಿನ್ನಿನ ಕಂಪ್ಯೂಟರಿನಲ್ಲಿ (ಇಸಿಯು) ಇರುತ್ತದೆ, ಅದಲು ಬದಲಾದರೆ ಮತ್ತೆ ಸ್ಕ್ಯಾನರ್ ಹಿಡಿಯಬೇಕು.

ಪಿಕಪ್ ಕಮ್ಮಿ ಆಗಲು ಸಿಲಿಂಡರಿನ ಒತ್ತಡ ಹೀಗೆ ಸೋರುವುದು (ಕಂಪ್ರೆಷನ್ ಲೀಕ್) ಒಂದೇ ಸಾಕು, ಟರ್ಬೊ ಬಿಚ್ಚಿಸುವ ಅವಸರ ಬೇಡ. ಆದರೆ ಕೆಲವು ಎಂಜಿನ್‌ಗಳಲ್ಲಿ ಈ ಮಸಿ ಆಯಿಲಿಗೆ ಸೇರಿ, ಟರ್ಬೊಗೆ ಹೋಗುವ ಆಯಿಲ್ ದಾರಿ ಕಟ್ಟಿಕೊಳ್ಳುತ್ತದೆ. ಹಾಗಾಗಿ ಆಯಿಲ್, ಫಿಲ್ಟರ್ ಈಗಲೇ ಬದಲಿಸಿಬಿಡಿ.

ಪ್ರಶ್ನೆ ಕೇಳಿದವರು, ಹತ್ತು ದಿನದ ನಂತರ: ಅಣ್ಣಾ, ನೀವು ಹೇಳಿದ ಹಾಗೇ ಆಯ್ತು. ಒಳಗೆ ಎರಡು ವಾಷರ್! ಸೀಟ್ ಮಾಡಿಸಿ ಒಂದೇ ಹೊಸದು ಹಾಕಿಸಿದೆ. ಸದ್ದಿಲ್ಲ, ವಾಸನೆಯೂ ಇಲ್ಲ.

ಉತ್ತರ: ಒಳ್ಳೇದಾಯ್ತು. 500 ಕಿ.ಮೀ. ಓಡಿದ ಮೇಲೆ ಇನ್ನೊಂದು ಸಲ ಸೋಪಿನ ನೀರು ಬಿಟ್ಟು ನೋಡಿ. ಬೋಲ್ಟ್ ಹೊಸದು ಹಾಕಿದ್ರಾ, ಇಲ್ಲ ಹಳೇದೇನಾ?